‘ಬಿಡುಗಡೆ’ಯ ಅರ್ಥವ್ಯಾಪ್ತಿ: ಮೊಬೈಲ್ ಆ್ಯಪ್‌ಗಳ ಅಜೈಲ್ ವಿಧಾನದ ಪದಗಳ ಕುರಿತು

ಮಾನ್ಯರೇ,

ಮೊಬೈಲ್ ಆ್ಯಪ್ ಕಟ್ಟುವ ಕೆಲಸಕ್ಕೆ ಹೊಸದಾಗಿ ಸೇರುವವರಿಗಾಗಿ ಅಜೈಲ್ ವಿಧಾನಗಳ (ತಂತ್ರಾಂಶವನ್ನು ಸಣ್ಣ ಸಣ್ಣ ಭಾಗಗಳಾಗಿ ಕಟ್ಟುತ್ತ, ಬದಲಾವಣೆಗೆ ಹೊಂದಿಕೊಳ್ಳುತ್ತ ಹೋಗುವ ವಿಧಾನಗಳ) ಕೈಪಿಡಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಸ್ಕ್ರಮ್ (ಅಂತಹ ವಿಧಾನಗಳಲ್ಲೊಂದು), ಸ್ಪ್ರಿಂಟ್ (ಅದರಲ್ಲಿ ಕೆಲಸಕ್ಕೆ ಗೊತ್ತುಮಾಡಿಕೊಳ್ಳುವ ಕಿರು ಅವಧಿ), ಟೆಸ್ಟಿಂಗ್ ಮುಂತಾದವುಗಳನ್ನು ಹಾಗೆಯೇ ಉಳಿಸಿಕೊಳ್ಳಲು ನನಗೆ ಸಂಕೋಚವಿಲ್ಲ. ಆ ಕೆಲಸದಲ್ಲಿರುವವರು ದಿನವೂ ಆಡುವ ಮಾತುಗಳು ಅವು. ತೊಡಕು ಎದುರಾಗಿರುವುದು ಅಚ್ಚಕನ್ನಡದ ಪದವೊಂದರಲ್ಲಿ. ‘ಬಿಡುಗಡೆ’ ಎಂಬ ಒಂದೇ ಮಾತು ಇಲ್ಲಿ ಹಲವು ಬೇರೆ ಬೇರೆ ಸಂಗತಿಗಳನ್ನು ಹೊರಬೇಕಾಗಿ ಬಂದಿದೆ. ಅದರ ಬಳಕೆಯನ್ನು ಎಲ್ಲಿಗೆ ಸೀಮಿತಗೊಳಿಸುವುದು ಸೂಕ್ತ ಎಂಬುದೇ ನನ್ನ ಮುಖ್ಯ ಪ್ರಶ್ನೆ.

‘ಈ ಸ್ಪ್ರಿಂಟ್‌ನ ಕೊನೆಗೆ ಹುಡುಕಾಟದ ಸೌಲಭ್ಯ ಬಿಡುಗಡೆಯಾಗುತ್ತದೆ’ ಎಂಬ ವಾಕ್ಯವನ್ನು ನೋಡಿ. ವೆಬ್‌ಸೈಟ್‌ನ ವಿಷಯದಲ್ಲಿ ಇದರಿಂದ ಹೆಚ್ಚಿನ ಗೊಂದಲವಾಗದು; ಹೊಸ ಕೋಡನ್ನು ಸರ್ವರಿಗೆ ಏರಿಸಿದ ಸ್ವಲ್ಪ ಹೊತ್ತಿನಲ್ಲಿಯೇ ಎಲ್ಲರಿಗೂ ಹೊಸ ಸೌಲಭ್ಯ ದೊರೆಯುತ್ತದೆ, ಕೆಟ್ಟರೆ ಹಳೆಯದನ್ನು ಮತ್ತೆ ಏರಿಸಬಹುದು. ಮೊಬೈಲ್ ಆ್ಯಪ್‌ನಲ್ಲಿ ಹಾಗಲ್ಲ. ಕೋಡ್ ಬರೆದು ಪರೀಕ್ಷೆ ಮುಗಿಸಿ ಬಳಸಲು ಯೋಗ್ಯವಾಗುವುದು ಮೊದಲ ಘಟ್ಟ. ಅದನ್ನು ಆ್ಯಪ್ ಸ್ಟೋರಿಗೋ ಪ್ಲೇ ಸ್ಟೋರಿಗೋ ಸಲ್ಲಿಸಿ ಅವರ ಪರಿಶೀಲನೆ ಮುಗಿಯುವವರೆಗೆ ಕಾಯುವುದು ಎರಡನೆಯದು, ಮತ್ತು ಈ ಕಾಯುವಿಕೆ ತಂಡದ ಕೈಯಲ್ಲಿ ಇರುವುದಿಲ್ಲ. ಒಪ್ಪಿಗೆ ಸಿಕ್ಕ ಮೇಲೆಯೂ ಎಲ್ಲರಿಗೂ ಒಮ್ಮೆಲೇ ಕೊಡಬೇಕೆಂದಿಲ್ಲ: ಆ್ಯಪಲ್‌ನ ವ್ಯವಸ್ಥೆಯಲ್ಲಿ ಹಂತಹಂತದ ಹಂಚಿಕೆಯನ್ನು ಆರಿಸಿಕೊಂಡರೆ, ತಾನಾಗಿ ಅಪ್‌ಡೇಟ್ ಆಗುವ ಫೋನುಗಳಲ್ಲಿ ಮೊದಲ ದಿನ ಶೇಕಡಾ 1ಕ್ಕೆ, ಮರುದಿನ 2ಕ್ಕೆ, ಬಳಿಕ 5, 10, 20, 50 ಎಂದು ಏರುತ್ತಾ 7ನೆಯ ದಿನ ಎಲ್ಲಕ್ಕೂ ಹೊಸ ಆವೃತ್ತಿ ಹೋಗುತ್ತದೆ, ಗೂಗಲ್ ಪ್ಲೇಯಲ್ಲಿ ಈ ಪ್ರಮಾಣವನ್ನು ತಂಡವೇ ಗೊತ್ತುಮಾಡುತ್ತದೆ. ಇಷ್ಟೆಲ್ಲ ಆದರೂ ಅಪ್‌ಡೇಟನ್ನು ಮುಂದೂಡುತ್ತ ಹೋಗುವ ಬಳಕೆದಾರರ ಫೋನಿನಲ್ಲಿ ಹಳೆಯ ಆ್ಯಪ್ ತಿಂಗಳುಗಟ್ಟಲೆ ಉಳಿದಿರುತ್ತದೆ. ಹಂಚಿಕೆಯ ನಡುವೆ ದೋಷ ಕಂಡುಬಂದರೆ ಮುಂದಿನ ಹಂಚಿಕೆಯನ್ನು ತಡೆಯಬಹುದೇ ಹೊರತು, ಈಗಾಗಲೇ ಫೋನು ಸೇರಿದ್ದನ್ನು ಹಿಂದಕ್ಕೆ ಕರೆಸಿಕೊಳ್ಳಲಾಗದು. ಹೆಚ್ಚಿನ ಬಿಲ್ಡ್ ಸಂಖ್ಯೆಯಿರುವ (ಸಿದ್ಧಪಡಿಸಿದ ಪ್ರತಿಯೊಂದು ರೂಪಕ್ಕೂ ಕೊಡುವ ಸಂಖ್ಯೆ) ಮತ್ತೊಂದು ಆವೃತ್ತಿಯನ್ನು ಸಲ್ಲಿಸಿ ಮತ್ತೆ ಪರಿಶೀಲನೆಗೆ ಕಾಯಬೇಕು.

ಹಾಗಾದರೆ ಮೇಲಿನ ವಾಕ್ಯ ಇವುಗಳಲ್ಲಿ ಯಾವುದನ್ನು ಹೇಳುತ್ತದೆ? ಕೋಡ್ ಬರೆಯುವವರು ಮೊದಲನೆಯದೆಂದು ತಿಳಿಯುತ್ತಾರೆ, ಬಳಕೆದಾರರ ದೂರಿಗೆ ಉತ್ತರಿಸುವವರು ಕೊನೆಯದೆಂದು ತಿಳಿಯುತ್ತಾರೆ, ಇಬ್ಬರ ತಿಳಿವಳಿಕೆಗೂ ಪದದ ಬೆಂಬಲವಿದೆ. ಸ್ಕ್ರಮ್‌ನ ಮೂಲ ಕೈಪಿಡಿಯಾದ ಸ್ಕ್ರಮ್ ಗೈಡ್‌ನ 2020ರ ಆವೃತ್ತಿ ಇಲ್ಲಿ ಸ್ಪಷ್ಟವಾಗಿದೆ: ಒಂದು ಸ್ಪ್ರಿಂಟ್‌ನಲ್ಲಿ ಒಂದಕ್ಕಿಂತ ಹೆಚ್ಚು ಇನ್‌ಕ್ರಿಮೆಂಟ್‌ಗಳು (ಇದ್ದುದಕ್ಕೆ ಕೂಡುವ, ಬಳಸಲು ಯೋಗ್ಯವಾದ ಹೊಸ ಭಾಗಗಳು) ಸಿದ್ಧವಾಗಬಹುದು, ಅವನ್ನು ಬಳಕೆದಾರರಿಗೆ ಕೊಡಲು ಸ್ಪ್ರಿಂಟ್‌ನ ಕೊನೆಯ ಅವಲೋಕನ ಸಭೆಯವರೆಗೆ ಕಾಯಬೇಕಾಗಿಲ್ಲ. ಅಂದರೆ ಸಿದ್ಧವಾಗುವುದೂ ಹೊರಗೆ ಕೊಡುವುದೂ ಬೇರೆ ಬೇರೆ ಎಂದು ಮೂಲದಲ್ಲಿಯೇ ಎಣಿಸಲಾಗಿದೆ. ಎರಡಕ್ಕೂ ‘ಬಿಡುಗಡೆ’ ಎಂದು ಬರೆದರೆ ಕನ್ನಡದ ಓದುಗರಿಗೆ ಈ ವ್ಯತ್ಯಾಸ ಕಾಣಿಸದೆ ಹೋಗುತ್ತದೆ.

ಇದಕ್ಕೆ ದಾರಿ ನಮ್ಮ ಬಳಕೆಯಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಪುಸ್ತಕ ಅಥವಾ ಸಿನಿಮಾ ಬಿಡುಗಡೆ ಎಂದಾಗ ಗೊತ್ತಾದ ಒಂದು ದಿನ ನಡೆದು ಮುಗಿಯುವ ಘಟನೆಯ ಚಿತ್ರ ಬರುತ್ತದೆ. ಅಣೆಕಟ್ಟೆಯಿಂದ ನೀರು ಬಿಡುಗಡೆ ಎಂದಾಗ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡುತ್ತ ಕೊಡುವ ಅರ್ಥ ಬರುತ್ತದೆ. ಅನುದಾನದ ವಿಷಯದಲ್ಲಂತೂ ‘ಮೊದಲ ಕಂತು ಬಿಡುಗಡೆಯಾಗಿದೆ, ಇನ್ನೂ ಕೈಸೇರಿಲ್ಲ’ ಎಂದು ಎಲ್ಲರೂ ಸಹಜವಾಗಿ ಹೇಳುತ್ತಾರೆ. ಈ ಪುಟ್ಟ ವಾಕ್ಯದಲ್ಲಿ ನಮಗೆ ಬೇಕಾದ ಮೂರೂ ಪದಗಳಿವೆ: ಸಿದ್ಧವಾದ ಭಾಗ ‘ಕಂತು’, ಅದನ್ನು ಹೊರಗೆ ಬಿಡುವುದು ‘ಬಿಡುಗಡೆ’, ಬಳಸುವವರನ್ನು ಮುಟ್ಟುವುದು ‘ಕೈಸೇರುವುದು’. ಆದ್ದರಿಂದ ಇನ್‌ಕ್ರಿಮೆಂಟ್‌ಗೆ ‘ಕಂತು’ ಎಂದೂ, ಸ್ಟೋರಿನ ಮೂಲಕ ಲಭ್ಯವಾಗಿಸುವುದಕ್ಕೆ ಮಾತ್ರ ‘ಬಿಡುಗಡೆ’ ಎಂದೂ, ಪ್ರಮಾಣ ಏರಿಸುತ್ತ ಹೋಗುವುದಕ್ಕೆ ‘ಹಂತದ ಬಿಡುಗಡೆ’ ಎಂದೂ ಬರೆಯಲು ಯೋಚಿಸಿದ್ದೇನೆ. ಕಂತು ಎಂದೊಡನೆ ಸಾಲದ ಕಂತು ನೆನಪಾಗುತ್ತದೆ ಎಂಬ ಆಕ್ಷೇಪ ಬರಬಹುದು. ಧಾರಾವಾಹಿಯ ಕಂತು ಅಷ್ಟೇ ಬಳಕೆಯಲ್ಲಿರುವುದರಿಂದ ಅದು ದೊಡ್ಡ ಅಡ್ಡಿಯಾಗದೆಂದು ನನ್ನ ಎಣಿಕೆ.

ಇಟರೇಷನ್‌ಗೆ ‘ಸುತ್ತು’ ಸಾಕು. ‘ಆವೃತ್ತಿ’ ಈಗಾಗಲೇ ವರ್ಶನ್‌ಗೆ ಸಂದಿರುವುದರಿಂದ ಅದನ್ನು ಇಲ್ಲಿಗೆ ತರಬಾರದು. ಕಂತು ಇದ್ದುದಕ್ಕೆ ಕೂಡಿಸುತ್ತದೆ, ಸುತ್ತು ಇದ್ದುದನ್ನೇ ಮತ್ತೆ ಕೈಗೆತ್ತಿಕೊಂಡು ತಿದ್ದುತ್ತದೆ. ಈ ಜೋಡಿಯನ್ನು ಬಿಡದೆ ಪಾಲಿಸಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಬ್ಯಾಕ್‌ಲಾಗ್‌ಗೆ ಕೆಲವರು ಸೂಚಿಸುವ ‘ಬಾಕಿಪಟ್ಟಿ’ಯನ್ನು ಒಪ್ಪಲು ಮನಸ್ಸು ಹಿಂಜರಿಯುತ್ತದೆ. ಬಾಕಿ ಎಂದರೆ ಇಷ್ಟರಲ್ಲಿ ತೀರಿಸಿರಬೇಕಾದದ್ದು. ಬ್ಯಾಕ್‌ಲಾಗ್ ಹುದ್ದೆಗಳು, ಬ್ಯಾಕ್‌ಲಾಗ್ ಉಳಿಸಿಕೊಂಡ ವಿದ್ಯಾರ್ಥಿ ಎನ್ನುವಾಗಲೂ ಇದೇ ಭಾವವಿದೆ. ಸ್ಕ್ರಮ್‌ನ ಬ್ಯಾಕ್‌ಲಾಗ್ ಅಂತಹ ಋಣವಲ್ಲ. ಮುಂದೆ ಮಾಡಬಹುದಾದ ಕೆಲಸಗಳನ್ನು ಆದ್ಯತೆಯಂತೆ ಜೋಡಿಸಿದ ಪಟ್ಟಿ, ಬೇಡವೆನಿಸಿದ್ದನ್ನು ತೆಗೆದುಹಾಕುವುದಕ್ಕೂ ಅಲ್ಲಿ ಅವಕಾಶವಿದೆ. ಸದ್ಯಕ್ಕೆ ‘ಕೆಲಸಗಳ ಆದ್ಯತಾಪಟ್ಟಿ’ ಎಂದು ಬರೆದುಕೊಂಡಿದ್ದೇನೆ, ಆದರೆ ಮಾತಿನಲ್ಲಿ ಅದು ಉದ್ದವಾಗುತ್ತದೆ.

ಅಜೈಲ್ ಎಂಬುದಕ್ಕೂ ‘ಚುರುಕು’ ಎಂಬ ಅನುವಾದವನ್ನು ನಾನು ಬಿಟ್ಟಿದ್ದೇನೆ. 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ ಸೇರಿದ್ದ 17 ಮಂದಿ ತಂತ್ರಾಂಶ ತಜ್ಞರು ಹೊರಡಿಸಿದ ಅಜೈಲ್ ಪ್ರಣಾಳಿಕೆಯ ನಾಲ್ಕು ಮೌಲ್ಯಗಳಲ್ಲಿ ವೇಗದ ಮಾತೇ ಇಲ್ಲ. ಯೋಜನೆಗೆ ಅಂಟಿಕೊಳ್ಳುವುದಕ್ಕಿಂತ ಬದಲಾವಣೆಗೆ ಸ್ಪಂದಿಸುವುದು ಮೇಲು ಎಂಬ ಮಾತಿದೆ. ‘ಕಾಮಗಾರಿ ಚುರುಕುಗೊಂಡಿದೆ’ ಎಂದು ನಾವು ಬರೆಯುವಾಗ ವೇಗ ಹೆಚ್ಚಿದೆ ಎಂದಷ್ಟೇ ಅರ್ಥ. ಅಜೈಲ್ ಎಂದರೆ ಬೇಗ ಮುಗಿಸುವ ವಿಧಾನ ಎಂಬ ತಪ್ಪು ಕಲ್ಪನೆ ಈಗಾಗಲೇ ಸಾಕಷ್ಟಿದೆ, ನಮ್ಮ ಪದ ಅದನ್ನು ಬೆಳೆಸಬಾರದು.

ಬಲ್ಲವರು ಎರಡು ವಿಷಯಗಳಲ್ಲಿ ಸಲಹೆ ನೀಡಬೇಕೆಂದು ಕೋರುತ್ತೇನೆ. ‘ಕಂತು’ ಮತ್ತು ‘ಬಿಡುಗಡೆ’ಗಳ ಈ ವಿಂಗಡಣೆ ಬೇರೆ ತಂತ್ರಜ್ಞಾನ ಬರಹಗಳಲ್ಲಿ ನೀವು ಬಳಸುವ ಅರ್ಥಕ್ಕೆ ಎಲ್ಲಾದರೂ ಅಡ್ಡಬರುತ್ತದೆಯೇ? ಇನ್ನೊಂದು, ಫೀಚರ್ ಫ್ಲ್ಯಾಗ್ ಕುರಿತದ್ದು: ಆ್ಯಪ್ ಫೋನಿನಲ್ಲಿ ಸ್ಥಾಪನೆಯಾಗಿದ್ದು ಹೊಸ ಸೌಲಭ್ಯ ಮಾತ್ರ ಮುಚ್ಚಿಯೇ ಇರುತ್ತದೆ, ತಂಡವು ಬೇಕೆಂದಾಗ ಸರ್ವರ್‌ನಿಂದಲೇ ಅದನ್ನು ಬಳಕೆಗೆ ತೆರೆಯುತ್ತದೆ. ಬಿಡುಗಡೆಯಾದ ನಂತರ ನಡೆಯುವ ಈ ಕ್ರಿಯೆಗೆ ‘ತೆರವು’ ಎಂದರೆ ಖಾಲಿ ಮಾಡಿಸುವ ಅರ್ಥ ಬಂದುಬಿಡುತ್ತದೆ, ‘ಚಾಲನೆ’ ಎಂದರೆ ಉದ್ಘಾಟನೆಯ ಅರ್ಥ ಬರುತ್ತದೆ. ಇವೆರಡರ ಸೋಂಕಿಲ್ಲದ, ಕ್ರಿಯಾಪದವಾಗಿಯೂ ಸಲೀಸಾಗಿ ನಡೆಯುವ ಪದ ಯಾವುದಾದರೂ ನಿಮ್ಮ ಬಳಕೆಯಲ್ಲಿದೆಯೇ?