ಲಕ್ವ ಹೊಡೆದ ಕೈಗೆ ಚೆಂಡು ಒತ್ತಿಸಬಹುದೇ?

ಪ್ರಶ್ನೆ (ಜಯನಗರ): ನಮಸ್ಕಾರ ಮೇಡಂ. ನಮ್ಮ ತಂದೆಗೆ 72 ವರ್ಷ. ಸ್ಟ್ರೋಕ್ ಆಗಿ ಎರಡು ತಿಂಗಳಾಯ್ತು. ಆಸರೆ ಹಿಡಿದು ನಡೀತಾರೆ, ಎಡಗೈ ಸ್ವಲ್ಪ ಎತ್ತುತ್ತಾರೆ, ಬೆರಳು ಮಾತ್ರ ಮುದುಡಿಕೊಂಡೇ ಇರುತ್ತೆ. ದಿನಾ ಸ್ಪಂಜ್ ಚೆಂಡು ಒತ್ತಿಸ್ತೀವಿ, ಬಾಗಿಲಿಗೆ ಪುಲ್ಲಿ ಕಟ್ಟಿ ಕೈ ಮೇಲಕ್ಕೆ ಎಳೆಸ್ತೀವಿ. ಈ ವಯಸ್ಸಲ್ಲಿ ಮೂರು ತಿಂಗಳು ದಾಟಿದ್ರೆ ಇನ್ನೇನೂ ಬರಲ್ಲ ಅಂತಾರೆ, ನಿಜವಾ?

ಉತ್ತರ (ನ್ಯೂರೋ ಫಿಸಿಯೋಥೆರಪಿಸ್ಟ್): ಪುಲ್ಲಿಯನ್ನು ಇವತ್ತೇ ಬಿಚ್ಚಿಡಿ. ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳು ಸೋತಿರುವಾಗ ಕೈಯನ್ನು ತಲೆಯ ಮೇಲಕ್ಕೆ ಎಳೆದರೆ ಒಳಗಿನ ಸ್ನಾಯುರಜ್ಜು ಮೂಳೆಗಳ ನಡುವೆ ಸಿಕ್ಕಿ ನೋಯುತ್ತದೆ. ನೋಯುವ ಕೈಯನ್ನು ಅವರು ಅಲುಗಿಸುವುದನ್ನೇ ಬಿಡುತ್ತಾರೆ. ಎಬ್ಬಿಸುವಾಗಲೂ ಆ ಕೈ ಹಿಡಿದು ಎಳೆಯಬೇಡಿ, ಸೊಂಟಕ್ಕೆ ಆಸರೆ ಕೊಡಿ.

ಚೆಂಡೂ ಬೇಡ. ಮುಷ್ಟಿ ಮುಚ್ಚುವ ಸ್ನಾಯುಗಳು ಈಗಾಗಲೇ ಬಿಗಿದಿವೆ, ಕಲಿಯಬೇಕಾದದ್ದು ಬಿಡಿಸುವುದನ್ನು. ನೀವು ಬಿಡಿಸಿಕೊಡುವಾಗ ಬೆರಳ ತುದಿ ಹಿಡಿದು ಎಳೆಯಬೇಡಿ. ಮಣಿಕಟ್ಟನ್ನು ಅಂಗೈ ಕಡೆಗೆ ಬಾಗಿಸಿ, ಹೆಬ್ಬೆರಳನ್ನು ಬುಡದಲ್ಲಿ ಹಿಡಿದು ನಿಧಾನ ಹೊರಕ್ಕೆ ತನ್ನಿ, ಉಳಿದವು ತಾವೇ ಸಡಿಲವಾಗುತ್ತವೆ.

ಆಮೇಲೆ ಅಭ್ಯಾಸ. ಪಾದ ನೆಲಕ್ಕೆ ಊರಿ ಮೇಜಿನ ಮುಂದೆ ಕೂರಿಸಿ. ಕೈ ಕೆಳಗೆ ಮಡಿಸಿದ ಟವೆಲ್ ಇಟ್ಟು, ಮೊಣಕೈ ನೇರವಾಗುವವರೆಗೆ ಮುಂದಕ್ಕೆ ಜಾರಿಸಲಿ. ಅದು ಬಂದರೆ ಖಾಲಿ ಸ್ಟೀಲ್ ಲೋಟ: ಕೈ ಚಾಚಿ ಹಿಡಿದು, ಪಕ್ಕಕ್ಕಿಟ್ಟು, ಬಿಡಬೇಕು. ಒಂದು ಸಲಕ್ಕೆ 20ರಂತೆ ದಿನಕ್ಕೆ ಐದಾರು ಸಲ, ಸುಸ್ತು ನೋಡಿಕೊಂಡು ಏರಿಸಿ. ಮೈ ಬಾಗಿಸಿಯೋ ಭುಜವನ್ನು ಕಿವಿಯತ್ತ ಎತ್ತಿಯೋ ಲೋಟ ಮುಟ್ಟಿದರೆ ಲೆಕ್ಕಕ್ಕಿಲ್ಲ, ಲೋಟ ಹತ್ತಿರ ಸರಿಸಿ.

ಮೂರು ತಿಂಗಳ ಮಾತು ಅರ್ಧ ಸತ್ಯ. ಸತ್ತ ನರಕೋಶ ಮರಳುವುದಿಲ್ಲ. ಉಳಿದ ಭಾಗಗಳು ಹೊಸ ಸಂಪರ್ಕ ಬೆಳೆಸಿ ಕೆಲಸ ವಹಿಸಿಕೊಳ್ಳುತ್ತವೆ. ಆ ವೇಗ ಮೊದಲ ತಿಂಗಳುಗಳಲ್ಲಿ ಹೆಚ್ಚು, ನಂತರ ಕಡಿಮೆ, ಆದರೆ ಪೂರ್ತಿ ನಿಲ್ಲುವುದಿಲ್ಲ. 2006ರಲ್ಲಿ ಪ್ರಕಟವಾದ ಎಕ್ಸೈಟ್ ಅಧ್ಯಯನದಲ್ಲಿ ಸ್ಟ್ರೋಕ್ ಆಗಿ 3ರಿಂದ 9 ತಿಂಗಳಾದವರ ಒಳ್ಳೆಯ ಕೈಗೆ ಗವಸು ತೊಡಿಸಿ, ಎರಡು ವಾರ ಸೋತ ಕೈಯಿಂದಲೇ ಕೆಲಸ ಮಾಡಿಸಿದರು. ಲಾಭ ವರ್ಷದ ನಂತರವೂ ಉಳಿದಿತ್ತು. ಮಣಿಕಟ್ಟು ಸುಮಾರು 20 ಡಿಗ್ರಿ, ಬೆರಳು 10 ಡಿಗ್ರಿ ತಾವಾಗಿ ಮೇಲೇಳುವವರಿಗೆ ಮಾತ್ರ ಆ ವಿಧಾನ, ತಂದೆಯವರಿಗೆ ಈಗಲೇ ಬೇಡ. ಬಿಗಿತ ಹೆಚ್ಚುತ್ತಿದ್ದರೆ ನಿಮಗೆ ಹತ್ತಿರದ ನಿಮ್ಹಾನ್ಸ್‌ನ ನರ ಪುನರ್ವಸತಿ ವಿಭಾಗದಲ್ಲಿ ತೋರಿಸಿ.

ಪ್ರಶ್ನೆ: ಬಿಸಿನೀರಿನ ಚೀಲದ ಶಾಖ ಕೊಡಬಹುದಾ? ಇನ್ನೊಂದು, ನೀರು, ಸಾರನ್ನ ಕೊಟ್ಟಾಗ ಕೆಮ್ಮು ಬರುತ್ತೆ.

ಉತ್ತರ (ಸ್ಪೀಚ್ ಥೆರಪಿಸ್ಟ್): ಶಾಖ ಬೇಡ. ಸ್ಪರ್ಶ ಮಂದವಾದ ಕೈ ಸುಟ್ಟರೂ ಗೊತ್ತಾಗುವುದಿಲ್ಲ.

ಕೆಮ್ಮು ಅದಕ್ಕಿಂತ ತುರ್ತಿನದು. ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುವ ಮೊದಲೇ ನೀರು ಅದರೊಳಕ್ಕೆ ಇಳಿಯುತ್ತಿರಬಹುದು. ಸಾರನ್ನದಲ್ಲಿ ತೆಳು, ಗಟ್ಟಿ ಎರಡೂ ಬೆರೆತಿರುವುದರಿಂದ ನುಂಗುವುದು ಇನ್ನೂ ಕಷ್ಟ. ತಡಮಾಡದೆ ನುಂಗುವಿಕೆಯ ಪರೀಕ್ಷೆ ಮಾಡಿಸಿ. ನೀರನ್ನು ಎಷ್ಟು ಮಂದ ಮಾಡಿ ಕೊಡಬೇಕೆಂಬುದು ಅಲ್ಲೇ ತೀರ್ಮಾನವಾಗಲಿ. ಅಲ್ಲಿಯವರೆಗೆ ಮುದ್ದೆ, ಅವಲಕ್ಕಿ ಬೇಡ. ನುಣ್ಣಗೆ ಕಿವುಚಿದ ಮೊಸರನ್ನ, ಗಟ್ಟಿ ರಾಗಿ ಗಂಜಿಯನ್ನು ನೆಟ್ಟಗೆ ಕೂರಿಸಿ ಚಿಕ್ಕ ಚಮಚದಲ್ಲಿ ಕೊಡಿ. ಎಡಗೆನ್ನೆಯೊಳಗೆ ಅಗುಳು ಉಳಿದಿದೆಯೇ ನೋಡಿ. ಊಟವಾಗಿ 30 ನಿಮಿಷ ಮಲಗಿಸಬೇಡಿ. ಎರಡು ಹೊತ್ತು ಹಲ್ಲುಜ್ಜಿಸಿ, ಬಾಯಿಯ ಬ್ಯಾಕ್ಟೀರಿಯಾ ಎಂಜಲಿನ ಜೊತೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಜ್ವರ, ಉಸಿರಾಟದ ತೊಂದರೆ ಅಥವಾ ಕುಡಿದ ಮೇಲೆ ಗೊರಗೊರ ದನಿ ಬಂದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.