ಒಂದೇ ಲೆಕ್ಕಕ್ಕೆ ಸಿ ಭಾಷೆಯಲ್ಲಿ ಒಂದು ಉತ್ತರ, ಪೈಥಾನ್‌ನಲ್ಲಿ ಇನ್ನೊಂದು: ಏಕೆ?

ಪ್ರಶ್ನೆ: ನಮಸ್ಕಾರ ಸರ್. ಸೆನ್ಸರ್ ಅಳತೆಗಳ ಸರಾಸರಿ ಮತ್ತು ವೇರಿಯನ್ಸ್ (ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ) ಲೆಕ್ಕ ಹಾಕುವ ಪ್ರೋಗ್ರಾಂ ನಮ್ಮಲ್ಲಿ ಪೈಥಾನ್‌ನಲ್ಲೂ ಇದೆ, ಸಿ ಭಾಷೆಯಲ್ಲೂ ಇದೆ. ಎರಡೂ 64 ಬಿಟ್‌ನ ಡಬಲ್ ಎಂಬ ದಶಮಾಂಶ ಸಂಖ್ಯಾರೂಪ ಬಳಸುತ್ತವೆ. ಆದರೂ ಕೊನೆಯ ಅಂಕಿಗಳು ತಾಳೆಯಾಗುವುದಿಲ್ಲ. ಸಿ ಪ್ರೋಗ್ರಾಂ ಅನ್ನು ಎಆರ್‌ಎಂ (ಬೇರೆ ಬಗೆಯ ಪ್ರೊಸೆಸರ್) ಯಂತ್ರದಲ್ಲಿ ಓಡಿಸಿದಾಗ ಮೂರನೆಯದೇ ಉತ್ತರ ಬಂತು. ಪ್ರೊಸೆಸರ್‌ನಲ್ಲಿ ದೋಷವಿದೆಯೇ?

ಉತ್ತರ: ಪ್ರೊಸೆಸರ್ ಅನ್ನು ದೂರಬೇಡಿ. ಕೂಡುವುದು, ಕಳೆಯುವುದು, ಗುಣಾಕಾರ, ಭಾಗಾಕಾರ, ವರ್ಗಮೂಲ ಇವುಗಳಿಗೆ ನಿಖರ ಉತ್ತರವನ್ನು ಸರಿಯಾಗಿ ದುಂಡುಮಾಡಿಯೇ ಕೊಡಬೇಕೆಂದು, ಕಂಪ್ಯೂಟರ್‌ಗಳ ದಶಮಾಂಶ ಲೆಕ್ಕಕ್ಕೆ ನಿಯಮ ಹಾಕುವ ಐಇಇಇ 754 ಮಾನಕ 1985ರಲ್ಲೇ ವಿಧಿಸಿದೆ. ಬಿಡಿ ಬಿಡಿಯಾಗಿ ನೋಡಿದರೆ ನಿಮ್ಮ ಎರಡೂ ಯಂತ್ರಗಳು ಒಂದೇ ಉತ್ತರ ಕೊಡುತ್ತವೆ. ವ್ಯತ್ಯಾಸ ಹುಟ್ಟುವುದು ಆ ಕ್ರಿಯೆಗಳನ್ನು ಜೋಡಿಸುವಲ್ಲಿ.

ಮೊದಲನೆಯದು ಕ್ರಮ. ಪ್ರತಿ ಹೆಜ್ಜೆಯಲ್ಲೂ ದುಂಡುಮಾಡುವುದರಿಂದ ಕೂಡುವ ಕ್ರಮ ಬದಲಾದರೆ ಉತ್ತರವೂ ಬದಲಾಗಬಹುದು. (0.1 + 0.2) + 0.3 ಎಂದರೆ 0.6000000000000001, 0.1 + (0.2 + 0.3) ಎಂದರೆ 0.6. ಪೈಥಾನ್ 3.12ರಿಂದ ಅದರ ಸಮ್ ಫಂಕ್ಷನ್ ದುಂಡುಮಾಡುವಾಗ ಉಳಿದುಹೋದ ಚೂರುಗಳನ್ನೂ ಲೆಕ್ಕಕ್ಕೆ ಹಿಡಿದು ಕೂಡುತ್ತದೆ. ಹತ್ತು 0.1ಗಳ ಮೊತ್ತ ಅಲ್ಲಿ 1.0, ಹಿಂದಿನ ಆವೃತ್ತಿಗಳಲ್ಲಿ, ಹಾಗೆಯೇ ಸಿ ಭಾಷೆಯ ಸಾಮಾನ್ಯ ಲೂಪ್‌ನಲ್ಲಿ, 0.9999999999999999. ಪೈಥಾನ್‌ನ ಗಣಿತ ಲೈಬ್ರರಿಯಾದ ನಂಪೈ ಜೋಡಿ ಜೋಡಿಯಾಗಿ ಕೂಡುತ್ತದೆ, ಅದರ ಹಾದಿಯೇ ಬೇರೆ.

ಎಆರ್‌ಎಂ ಯಂತ್ರದ ವಿಷಯಕ್ಕೆ ಬರೋಣ, ನನ್ನ ಅನುಮಾನವೆಲ್ಲ ಇಲ್ಲಿದೆ. ಗುಣಿಸಿ ಕೂಡುವುದನ್ನು ಒಂದೇ ಏಟಿಗೆ, ಒಂದೇ ಬಾರಿ ದುಂಡುಮಾಡಿ ಮುಗಿಸುವ ಎಫ್‌ಎಂಎ ಎಂಬ ಆದೇಶ 64 ಬಿಟ್ ಎಆರ್‌ಎಂನಲ್ಲಿ ಯಾವಾಗಲೂ ಇರುತ್ತದೆ. ಆಪ್ಟಿಮೈಸೇಷನ್ (ವೇಗ ಹೆಚ್ಚಿಸುವ ಆಯ್ಕೆ) ಇದ್ದರೆ ಸಿ ಭಾಷೆಯ ಕಂಪೈಲರ್ ಆದ ಜಿಸಿಸಿ ನಿಮ್ಮನ್ನು ಕೇಳದೆಯೇ ಅದನ್ನು ಬಳಸುತ್ತದೆ. ವರ್ಗಗಳ ಸರಾಸರಿಯಿಂದ ಸರಾಸರಿಯ ವರ್ಗವನ್ನು ಕಳೆಯುವ ಸೂತ್ರವಿದ್ದು, ಅಳತೆ 0.1 ಒಂದೇ ಇದೆ ಎನ್ನಿ. ಎಫ್‌ಎಂಎಯಿಂದಾಗಿ ಒಂದು ವರ್ಗ ದುಂಡಾಗಿರುತ್ತದೆ, ಇನ್ನೊಂದು ಆಗಿರುವುದಿಲ್ಲ, ಹಾಗಾಗಿ ಸೊನ್ನೆ ಬರಬೇಕಾದಲ್ಲಿ ಸುಮಾರು 8.3 × 10⁻¹⁹ ಬರುತ್ತದೆ. ಬೇರೆ ಅಳತೆಗಳಲ್ಲಿ ಅದು ಋಣಸಂಖ್ಯೆಯೂ ಆಗಬಹುದು. ವರ್ಗಮೂಲ ತೆಗೆದರೆ ನ್ಯಾನ್, ಅಂದರೆ ಸಂಖ್ಯೆಯೇ ಅಲ್ಲದ ಉತ್ತರ! ಹೀಗೆ ಎಫ್‌ಎಂಎ ಬಳಸಲು ಬಿಡುವ ಎಫ್‌ಪಿ ಕಾಂಟ್ರ್ಯಾಕ್ಟ್ ಎಂಬ ಕಂಪೈಲರ್ ಆಯ್ಕೆಯನ್ನು ಆಫ್ ಮಾಡಿ, ವೇಗಕ್ಕಾಗಿ ಲೆಕ್ಕದ ಕ್ರಮವನ್ನೇ ಬದಲಿಸಲು ಬಿಡುವ ಫಾಸ್ಟ್ ಮ್ಯಾತ್ ಆಯ್ಕೆ ಇದ್ದರೆ ತೆಗೆದುಹಾಕಿ, ಎರಡೂ ಭಾಷೆಗಳಲ್ಲಿ ಒಂದೇ ಕ್ರಮದ ಲೂಪ್ ಬರೆಯಿರಿ. ಮೊದಲು ಸರಾಸರಿಯನ್ನು ಕಳೆದು ಆಮೇಲೆ ವರ್ಗ ಮಾಡುವ ಸೂತ್ರವೇ ಹೇಗೂ ಒಳ್ಳೆಯದು.

ಮರುಪ್ರಶ್ನೆ: ಧನ್ಯವಾದ ಸರ್, ಹಾಗೇ ಮಾಡುತ್ತೇನೆ. ಮುಂದೆ ಸೈನ್, ಲಾಗ್ ಕೂಡ ಬೇಕಾಗುತ್ತವೆ. ಅವುಗಳಿಗೂ ಇದೇ ಭರವಸೆ ಇದೆಯೇ?

ಉತ್ತರ: ಇಲ್ಲ. ಅವುಗಳನ್ನು ಸರಿಯಾಗಿ ದುಂಡುಮಾಡಬೇಕೆಂಬುದು ಮಾನಕದಲ್ಲಿ ಬರೀ ಶಿಫಾರಸು, ಕಡ್ಡಾಯವಲ್ಲ. ಒಂದೊಂದು ಗಣಿತ ಲೈಬ್ರರಿ ಒಂದೊಂದು ಬಗೆಯಲ್ಲಿ ಅಂದಾಜು ಮಾಡುತ್ತದೆ. ಜಾವಾ ಭಾಷೆಯ ಸ್ಟ್ರಿಕ್ಟ್‌ಮ್ಯಾತ್ ಆದರೋ ಎಫ್‌ಡಿಲಿಬ್‌ಎಂ ಎಂಬ ಗಣಿತ ಲೈಬ್ರರಿಯ ಕ್ರಮವಿಧಿಗಳಿಗೆ ಕಟ್ಟುಬಿದ್ದು ಎಲ್ಲೆಡೆ ಒಂದೇ ಬಿಟ್‌ಗಳನ್ನು ಕೊಡುತ್ತದೆ. ನೀವೂ ಒಂದು ಲೈಬ್ರರಿಯ ಮೂಲ ಕೋಡ್ ಆರಿಸಿಕೊಂಡು ಎರಡೂ ಪ್ರೋಗ್ರಾಂಗಳಿಂದ ಅದನ್ನೇ ಕರೆಯಿರಿ.

ಇನ್ನೊಬ್ಬ ಸದಸ್ಯೆ: ಇಷ್ಟೆಲ್ಲ ಏಕೆ? ಆರು ದಶಮಾಂಶ ಸ್ಥಾನಗಳಿಗೆ ದುಂಡುಮಾಡಿ ಹೋಲಿಸಿದರೆ ಸಾಲದೇ?

ಉತ್ತರ: ಸಾಲದು ಮೇಡಂ. ಎರಡು ಉತ್ತರಗಳು ಒಂದೇ ಬಿಟ್‌ನಷ್ಟು ದೂರವಿದ್ದರೂ ದುಂಡುಮಾಡುವ ಗಡಿಯ ಆಚೆಗೊಂದು ಈಚೆಗೊಂದು ಬಿದ್ದರೆ ಆರನೆಯ ಅಂಕಿಯೇ ಬದಲಾಗುತ್ತದೆ. ಹತ್ತಿರವಿದ್ದರೆ ಸಾಕು ಎನ್ನುವುದಾದರೆ ವ್ಯತ್ಯಾಸಕ್ಕೆ ಒಂದು ಮಿತಿ ಇಟ್ಟು ಹೋಲಿಸಿ. ತದ್ರೂಪವೇ ಬೇಕೆಂದರೆ ಹೆಕ್ಸಾಡೆಸಿಮಲ್ (ಹದಿನಾರರ ಆಧಾರದ) ರೂಪದಲ್ಲಿ ಮುದ್ರಿಸಿ ಬಿಟ್‌ಗಳನ್ನೇ ನೋಡಿ.