ಮಗ ಸುಮ್ಮನೆ ಕೂತರೆ ಯಾವ ಕೋಡ್ ಕೊಡಬೇಕು?

ಪಿಎಚ್‌ಡಿ ವಿದ್ಯಾರ್ಥಿನಿ:
ನಮಸ್ಕಾರ. ಜಗಳ ಇರುವ ವಿಷಯವನ್ನು ಹೆತ್ತವರು ಮತ್ತು ಹದಿಹರೆಯದ ಮಕ್ಕಳು ಎದುರುಬದುರು ಕೂತು ಹೇಗೆ ಮಾತಾಡುತ್ತಾರೆ ಅನ್ನೋದು ನನ್ನ ಕೆಲಸ. ಮೊದಲು ಇಬ್ಬರಿಗೂ ಬೇರೆಬೇರೆಯಾಗಿ ‘ಇಶ್ಯೂಸ್ ಚೆಕ್‌ಲಿಸ್ಟ್’ ಕೊಡುತ್ತೇವೆ. ಯಾವ ವಿಷಯಕ್ಕೆ ಎಷ್ಟು ಸಲ ಮಾತು ಬಂತು, ಎಷ್ಟು ಸಿಟ್ಟು ಬಂತು ಎಂದು ಗುರುತು ಮಾಡುತ್ತಾರೆ. ಇಬ್ಬರಿಗೂ ಸಿಟ್ಟು ತರಿಸುವ ಒಂದನ್ನು ಆರಿಸಿ, 10 ನಿಮಿಷದಲ್ಲಿ ಒಂದು ದಾರಿ ಕಂಡುಕೊಳ್ಳಿ ಎಂದು ಹೇಳಿ ಹೊರಗೆ ಬರುತ್ತೇವೆ. ಕ್ಯಾಮೆರಾ ಓಡುತ್ತಿರುತ್ತದೆ.

ತೊಂದರೆ ಬಂದಿರೋದು ಕೋಡಿಂಗ್‌ನಲ್ಲಿ, ಅಂದರೆ ವಿಡಿಯೊ ನೋಡಿ ಪ್ರತಿ ತುಣುಕಿನ ವರ್ತನೆಗೂ ಒಂದು ಹೆಸರು (ಕೋಡ್) ಕೊಡೋದರಲ್ಲಿ. ಒಂದು ವಿಡಿಯೊದಲ್ಲಿ ತಾಯಿ, “ರಾತ್ರಿ ಫೋನ್ ನನ್ನ ಕೈಗೆ ಕೊಟ್ಟು ಮಲಗು ಅಂತ ಇನ್ನೆಷ್ಟು ಸಲ ಹೇಳಬೇಕು ನಿನಗೆ?” ಅನ್ನುತ್ತಾರೆ. ಮಗ ತಲೆ ತಗ್ಗಿಸಿ ಸುಮ್ಮನಿದ್ದಾನೆ. ನಾನು ‘ಕೇಳಿಸಿಕೊಳ್ಳುತ್ತಿದ್ದಾನೆ’ ಎಂದು ಬರೆದೆ. ಜೊತೆಗೆ ಕೋಡ್ ಮಾಡುವವರು ‘ಹಿಂದೆ ಸರಿದ’ ಎಂದು ಬರೆದರು. ಟೀಕೆ, ಅಪ್ಪಣೆ, ನಗು ಇವುಗಳಲ್ಲಿ ಇಬ್ಬರಿಗೂ ಒಮ್ಮತ ಇದೆ. ಮೌನಕ್ಕೆ ಮಾತ್ರ ಕಪ್ಪಾ (ಕೋಡ್ ಮಾಡುವವರ ನಡುವಿನ ಒಮ್ಮತದ ಅಳತೆ) ತೀರಾ ಕೆಳಗೆ. ಆ ಕೋಡನ್ನೇ ಬಿಟ್ಟುಬಿಡಿ ಎಂದು ಗೈಡ್ ಹೇಳುತ್ತಿದ್ದಾರೆ. ನನಗೆ ಮನಸ್ಸಿಲ್ಲ. ಎಷ್ಟೋ ಮಕ್ಕಳು ಆ 10 ನಿಮಿಷ ಜಾಸ್ತಿ ಮಾಡೋದೇ ಅದನ್ನು. ತೆಗೆದರೆ ದೊಡ್ಡವರ ಮಾತಷ್ಟೇ ಉಳಿಯುತ್ತದೆ, ಅಲ್ವಾ?

ಹಳೆಯ ಕೋಡರ್:
ಬಿಡಬೇಡಿ ಮೇಡಂ. ನೀವಿಬ್ಬರೂ ಕೋಡ್ ಮಾಡುತ್ತಿರೋದು ಮೌನವನ್ನಲ್ಲ, ಹುಡುಗನ ಮನಸ್ಸನ್ನು. ಅದು ಕ್ಯಾಮೆರಾಗೆ ಕಾಣುವುದಿಲ್ಲ. ಕಾಣುವುದನ್ನಷ್ಟೇ ಬರೆಯಿರಿ. ಕಣ್ಣು ತಾಯಿಯ ಕಡೆ ಇದೆಯಾ? ‘ಹೂಂ’ ಅಂದನಾ? ಮೈ ಪಕ್ಕಕ್ಕೆ ತಿರುಗಿದೆಯಾ? ಎಷ್ಟು ಸೆಕೆಂಡ್?

ಒಂದು ಎಚ್ಚರಿಕೆ. ‘ಆಮೇಲೆ ಅವನು ಒಪ್ಪಿಕೊಂಡ, ಹಾಗಾಗಿ ಕೇಳಿಸಿಕೊಂಡಿದ್ದ’ ಎಂದು ಮುಂದಿನ ಮಾತು ನೋಡಿ ಹಿಂದಿನ ಕೋಡ್ ಕೊಡಬೇಡಿ. ಮೌನದ ನಂತರ ಏನಾಗುತ್ತದೆ ಅನ್ನೋದೇ ನಿಮ್ಮ ಪ್ರಶ್ನೆ ತಾನೆ? ಉತ್ತರವನ್ನು ಕೋಡ್ ಒಳಗೇ ಸೇರಿಸಿದರೆ ಲೆಕ್ಕಕ್ಕೆ ಅರ್ಥವಿಲ್ಲ.

ಕೋಡಿಂಗ್ ಮುಗಿದ ಮೇಲೆ ಸರಣಿ ನೋಡಿ. ಮಗ ಸುಮ್ಮನಾದಾಗ ತಾಯಿ ಸ್ವರ ಏರಿಸುತ್ತಾರಾ, ಅವನು ಇನ್ನೂ ಮುದುಡುತ್ತಾನಾ? ಒಬ್ಬರು ಒತ್ತಾಯಿಸಿದಷ್ಟೂ ಇನ್ನೊಬ್ಬರು ಹಿಂದೆ ಸರಿಯುವ ಜಾಡು ಅದು. ಅಥವಾ ತಾಯಿ ಬೇಸತ್ತು ಮಾತು ಬಿಡುತ್ತಾರಾ? ಆಗ ಸುಮ್ಮನಿದ್ದರೆ ಒತ್ತಡ ತಪ್ಪುತ್ತದೆ ಅನ್ನೋದು ಅವನಿಗೆ ಅಭ್ಯಾಸವಾಗುತ್ತದೆ. ಮನಶ್ಶಾಸ್ತ್ರಜ್ಞ ಜೆರಾಲ್ಡ್ ಪ್ಯಾಟರ್ಸನ್ 1982ರಲ್ಲಿ ವಿವರಿಸಿದ ಬಲವಂತದ ಸುಳಿಯ ತಿರುಳು ಇದೇ. ಒಟ್ಟು ಎಷ್ಟು ಸಲ ಸುಮ್ಮನಿದ್ದ ಎಂಬ ಎಣಿಕೆ ಇದನ್ನು ಹೇಳಲ್ಲ.

ಕಪ್ಪಾ ಬಗ್ಗೆ ಇನ್ನೊಂದು ಮಾತು. ಆಕಸ್ಮಿಕವಾಗಿ ಆಗಬಹುದಾದ ಒಮ್ಮತವನ್ನು ಅದು ಕಳೆಯುತ್ತದೆ. ಹಾಗಾಗಿ ಒಂದು ಕೋಡ್ ಬಹಳ ಅಪರೂಪವಾದರೂ, ಎಲ್ಲಾ ಕಡೆ ಬಂದರೂ ಅಂಕಿ ಬಿದ್ದುಹೋಗಬಹುದು. ಯಾವುದನ್ನು ಯಾವುದಾಗಿ ಬರೆದಿದ್ದೀರಿ ಎಂಬ ಕೋಷ್ಟಕ ಮೊದಲು ತೆರೆಯಿರಿ.

ಆಪ್ತಸಮಾಲೋಚಕಿ:
ಮೇಲಿನವರು ಹೇಳಿದ್ದು ಸರಿ. ಆದರೆ ಆ ಹುಡುಗನನ್ನೇ ಯಾಕೆ ಕೇಳಬಾರದು? ಚರ್ಚೆ ಮುಗಿದ ಮೇಲೆ ವಿಡಿಯೊವನ್ನು ಅವನೊಬ್ಬನಿಗೇ ತೋರಿಸಿ. ತುಣುಕು ತುಣುಕಾಗಿ ನಿಲ್ಲಿಸಿ, ‘ಇಲ್ಲಿ ನಿನಗೆ ಏನನ್ನಿಸುತ್ತಿತ್ತು?’ ಎಂದು ಕೇಳಿ. ತಾಯಿಗೂ ಬೇರೆಯಾಗಿ ತೋರಿಸಿ. ಒಬ್ಬರ ಉತ್ತರ ಇನ್ನೊಬ್ಬರ ಕಿವಿಗೆ ಬೀಳಬಾರದು. ನನ್ನ ಬಳಿ ಬರುವ ಮಕ್ಕಳು ಎಷ್ಟೋ ಸಲ ಹೇಳೋದು, ‘ನಾನು ಬಾಯಿಬಿಟ್ಟರೆ ಅತ್ತುಬಿಡ್ತಿದ್ದೆ’ ಅಂತ. ದಯವಿಟ್ಟು ಅದನ್ನು ‘ಅಸಹಕಾರ’ ಎಂದು ಬರೆಯಬೇಡಿ.

ವಯಸ್ಸನ್ನೂ ಬೇರೆಬೇರೆ ಇಟ್ಟು ನೋಡಿ. ಲಾರ್ಸನ್, ಕಾಯ್, ಕಾಲಿನ್ಸ್ ಎಂಬ ಸಂಶೋಧಕರು 1998ರಲ್ಲಿ ಹೆತ್ತವರು-ಮಕ್ಕಳ ಜಗಳದ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿದಾಗ, ಹದಿಹರೆಯ ಮುಂದುವರಿದಂತೆ ಜಗಳಗಳ ಸಂಖ್ಯೆ ಇಳಿದಿತ್ತು. ಆದರೆ ಆರಂಭದಿಂದ ನಡು ಹದಿಹರೆಯಕ್ಕೆ ಬರುವಾಗ ಅದರ ಕಾವು ಏರಿತ್ತು. 12ರ ಮಗುವಿನ ಮೌನ, 16ರ ಮಗುವಿನ ಮೌನ ಒಂದೇ ಎಂದು ಮೊದಲೇ ಅಂದುಕೊಳ್ಳಬೇಡಿ.

ಪಿಎಚ್‌ಡಿ ವಿದ್ಯಾರ್ಥಿನಿ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕೋಷ್ಟಕ ತೆರೆದು ನೋಡಿದೆ. ನಮ್ಮಿಬ್ಬರ ಕೋಡ್ ಬೇರೆಬೇರೆ ಆಗಿರೋದೆಲ್ಲ ‘ತಲೆ ತಗ್ಗಿಸಿದ’ ತುಣುಕುಗಳಲ್ಲೇ. ನೋಟ, ಮೈ ತಿರುವು, ‘ಹೂಂ’ ಮೂರನ್ನೂ ಬೇರೆ ಮಾಡಿ ಕೋಡಿಂಗ್ ಕೈಪಿಡಿ ತಿದ್ದುತ್ತೇನೆ. ಈಗಾಗಲೇ ಕೋಡ್ ಆದ ವಿಡಿಯೊಗಳನ್ನು ನಾವೇ ಮತ್ತೆ ಮಾಡಬಹುದಾ?

ಹಳೆಯ ಕೋಡರ್:
ಮಾಡಬಹುದು. ಹಳೆಯ ಹಾಳೆ ಇಬ್ಬರ ಕಣ್ಣಿಗೂ ಬೀಳದಿರಲಿ, ವಿಡಿಯೊಗಳ ಕ್ರಮ ಬದಲಿಸಿ. ಈ ಮನೆಗಳ ಚೆಕ್‌ಲಿಸ್ಟ್ ಅಂಕ ಗೊತ್ತಿಲ್ಲದ ಮೂರನೆಯವರೊಬ್ಬರಿಗೆ ತರಬೇತಿ ಕೊಟ್ಟು ಅವರಿಂದಲೂ ಕೆಲವನ್ನು ಮಾಡಿಸಿದರೆ ಇನ್ನೂ ಒಳ್ಳೆಯದು.